ನೀರು ಹೊಗದ ಬೂಟು

ಕಳೆದ ವಾರ ಆಸ್ಪತ್ರೆಯ ಎಲಿವೇಟರಿನಲ್ಲಿ ಒಬ್ಬ ಬಂದು ನನ್ನ ಪಕ್ಕದಲ್ಲಿ ನಿಂತ. ಹೊರಗೆ ಬೆಳಗಿನಿಂದ ಮಳೆ. ನಲ್ಲಿ ರಿಪೇರಿಗೆ ಬಂದವನಿರಬೇಕು, ಕೈಯಲ್ಲಿ ದೊಡ್ಡ ಪಾನಾ ಇತ್ತು. ಅವನ ಬೂಟಿನಿಂದ ತೊಯ್ದ ತೊಗಲಿನ ವಾಸನೆ ಬಂತು, ಅದರೊಳಗೆ ಸಣ್ಣಗೆ ಜೇನುಮೇಣದ ವಾಸನೆ. ನಾನು ಇಳಿಯಬೇಕಾದ ಮಹಡಿ ಬಂದು, ಬಾಗಿಲು ತೆರೆದು, ಮುಚ್ಚಿಕೊಂಡು, ಎಲಿವೇಟರ್ ಮೇಲಕ್ಕೆ ಹೋಯಿತು. ನಾನು ಅವನ ಬೂಟನ್ನೇ ನೋಡುತ್ತ ನಿಂತಿದ್ದೆ. "ಒಳಗೆ ನೀರು ಹೋಗುತ್ತಾ?" ಎಂದು ಕೇಳಿಯೂಬಿಟ್ಟೆ. "ಇಲ್ಲ ಮ್ಯಾಮ್, ಒಳ್ಳೆ ಬೂಟು," ಎಂದು ಅವನು ನಕ್ಕ. ಆಮೇಲೆ ಇಡೀ ದಿನ 2021ರ ಚಳಿಗಾಲ ನನ್ನ ಬೆನ್ನು ಬಿಡಲಿಲ್ಲ.

ನಾನು ಹುಬ್ಬಳ್ಳಿಯವಳು. ಅಮೆರಿಕದಲ್ಲಿ, ಕರೊಲಿನಾದ ಡರ್ಹಮ್‌ನ ಒಂದು ಆಸ್ಪತ್ರೆಯಲ್ಲಿ ಗಾಯಗಳ ಆರೈಕೆ ಮಾಡುವ ನರ್ಸ್. ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು, ಆಪರೇಶನ್ ಆದಮೇಲೆ ಕೂಡದ ಗಾಯ, ಸಕ್ಕರೆ ಕಾಯಿಲೆಯವರ ಪಾದ, ನನ್ನ ದಿನಗಳೆಲ್ಲ ಇವುಗಳಲ್ಲೇ ಕಳೆಯುತ್ತವೆ. ನನ್ನ ಗಂಡ ಮಾರುತಿ ಗದಗಿನ ಕಡೆಯವರು, ಸಿವಿಲ್ ಎಂಜಿನಿಯರ್. ಸೇತುವೆಗಳನ್ನು ತಪಾಸಣೆ ಮಾಡುವುದು ಅವರ ಕೆಲಸ. ಈ ರಾಜ್ಯದ ಎಷ್ಟೋ ಹಳ್ಳಕೊಳ್ಳಗಳ ಸೇತುವೆಗಳ ಕೆಳಗೆ ಅವರು ಇಳಿದಿದ್ದಾರೆ, ಏಣಿ ಹತ್ತಿ ಕಂಬಗಳನ್ನು ಬಡಿದು ನೋಡಿದ್ದಾರೆ. ನಮಗೆ ಒಬ್ಬಳೇ ಮಗಳು, ಅದಿತಿ. ಆ ವರ್ಷ ಅವಳಿಗೆ ಹದಿನೈದು. ಮನೆ ಮಾರಿಸ್‌ವಿಲ್‌ನಲ್ಲಿ, ಮೂರು ಅಂತಸ್ತಿನ ಟೌನ್‌ಹೌಸ್.

ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೋವಿಡ್ ವಾರ್ಡುಗಳಲ್ಲಿ ಓಡಾಡಿ ಓಡಾಡಿ ನನಗೆ ಮನೆಗೆ ಬಂದರೂ ಕೂರಲು ಆಗುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಮಾರುತಿಯವರದು ಇನ್ನೊಂದು ಬಗೆ. ಬೇಸಿಗೆಯಿಂದ ಅವರು ಹೊರಗಿನ ಕೆಲಸ ಬಿಟ್ಟು ಮನೆಯಲ್ಲೇ ಕೂತಿದ್ದರು. ಡ್ರೋನ್ ತೆಗೆದ ಸೇತುವೆಯ ಚಿತ್ರಗಳನ್ನು ಪರದೆಯ ಮೇಲೆ ನೋಡಿ ವರದಿ ಬರೆಯುವುದು. "ಈಗ ಎಲ್ಲಾ ಹಿಂಗ ಮಾಡ್ಯಾರ, ಆಫೀಸಿನವರು," ಎಂದಿದ್ದರು. ನಾನು ನಂಬಿದ್ದೆ. ಆದರೆ ಅವರ ಮೈಗೆ ಆ ಕುರ್ಚಿ ಒಗ್ಗಲಿಲ್ಲ. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಮೂರೂ ಅಂತಸ್ತು ಹತ್ತಿ ಇಳಿಯುತ್ತ ಮೀಟಿಂಗ್ ಮಾಡುತ್ತಿದ್ದರು. ಅಡುಗೆಮನೆಯ ಮೇಲೆ ಸದಾ ಅವರ ಹೆಜ್ಜೆಯ ಸದ್ದು.

ಅಕ್ಟೋಬರಿನಲ್ಲಿ ಡೇಲ್ ಫೋನ್ ಮಾಡಿದ. ಡೇಲ್ ಮಾರುತಿಯವರ ಹಳೆಯ ಜೊತೆಗಾರ. ಸೇತುವೆ ತಂಡದ ಟ್ರಕ್ ನಡೆಸುತ್ತಿದ್ದವನು, ನಿವೃತ್ತನಾಗಿ ಪೂರ್ವದ ಕಡೆ ತನ್ನ ತಂದೆಯ ಜಮೀನಿಗೆ ಹೋಗಿ ನೆಲೆಸಿದ್ದ. ರೋಲಿ ನಗರ ದಾಟಿ ಒಂದೂವರೆ ತಾಸು ಹೋದರೆ ಅವನ ಊರು. ನೆಲಗಡಲೆ ಹೊಲ, ಅದರ ಬೆನ್ನಿಗೆ ಪೈನ್ ಮರಗಳು, ಆಮೇಲೆ ಜೌಗು. ಜಿಂಕೆ ಬೇಟೆಯ ಕಾಲ ಶುರುವಾಗಿತ್ತು. ಬಾ ಎಂದು ಅವನು ಹಿಂದೆಯೂ ಎಷ್ಟೋ ಸಲ ಕರೆದಿದ್ದ. ಈ ಸಲ ಮಾರುತಿ ಹೂಂ ಅಂದರು. ಆನ್‌ಲೈನ್‌ನಲ್ಲಿ ಬೇಟೆಯ ಸುರಕ್ಷತೆಯ ಕೋರ್ಸ್ ಮುಗಿಸಿ ಲೈಸೆನ್ಸ್ ತೆಗೆದುಕೊಂಡರು. ಬಂದೂಕು ಡೇಲ್‌ನದೇ.

"ಅಪ್ಪಾ, ಸೀರಿಯಸ್ಲಿ? ಡಿಯರ್ ನಿಂಗೆ ಏನ್ ಮಾಡ್ತು?" ಎಂದಳು ಅದಿತಿ.

"ಏನೂ ಮಾಡಿಲ್ಲವ್ವಾ. ನಾ ಸ್ವಲ್ಪ ಹೊರಗ ಹೋಗಬೇಕಾಗೇದ, ಅಷ್ಟ," ಎಂದರು.

ಆ ಶನಿವಾರ ಅವರು ಹೋದರು. ಸಂಜೆ ಬಂದಾಗ ಮುಖದ ಮೇಲೆ ಹೊಸ ಗೆಲುವಿತ್ತು. ಜಿಂಕೆ ಕಾಣಲೇ ಇಲ್ಲವಂತೆ, ಹಂಸಗಳು ಕಂಡವಂತೆ, ಬೆಳಗಿನ ಮಂಜು ನೀರಿನ ಮೇಲೆ ನಿಂತಿತ್ತಂತೆ. ಮಾತಾಡುತ್ತಲೇ ಗರಾಜಿನ ಮೆಟ್ಟಿಲ ಮೇಲೆ ಕೂತು ಡೇಲ್ ಕೊಟ್ಟಿದ್ದ ರಬ್ಬರ್ ಬೂಟನ್ನು ಎಳೆದು ತೆಗೆದರು. ಬಲಗಾಲಿನ ಬೂಟಿನಿಂದ ನೀರು ಸುರಿದು ಸಿಮೆಂಟಿನ ಮೇಲೆ ಹರಿಯಿತು. ಕಂದು ಬಣ್ಣದ ಜೌಗು ನೀರು, ಎಲೆಯ ಚೂರುಗಳ ಸಮೇತ. ಹಿಮ್ಮಡಿಯ ಮೇಲೆ ರಬ್ಬರ್ ಸೀಳಿತ್ತು.

ಆ ನೀರನ್ನು ನನ್ನಂತೆ ಅವರೂ ಆಗಲೇ ಮೊದಲ ಸಲ ನೋಡುತ್ತಿದ್ದರು.

"ನೀರು ಹೊಕ್ಕದ್ದು ಗೊತ್ತಾಗ್ಲಿಲ್ಲೇನ್ರಿ?"

"ಬೂಟು ಭಾರ ಆಗ್ಯಾದ ಅನಿಸಿತ್ತು."

"ಥಂಡಿ ಹತ್ತಲಿಲ್ಲ?"

ನಾನು ಮೊಣಕಾಲೂರಿ ಕಾಲುಚೀಲ ತೆಗೆದೆ. ಪಾದ ಬೆಳ್ಳಗೆ ಉಬ್ಬಿ ಸುಕ್ಕುಗಟ್ಟಿತ್ತು. ಕಿರುಬೆರಳಿನ ಬುಡದಲ್ಲಿ ಚರ್ಮ ಕಿತ್ತು ಕೆಂಪಗಾಗಿತ್ತು. ಇನ್ನೊಬ್ಬರಾಗಿದ್ದರೆ ಅಷ್ಟು ಗಾಯಕ್ಕೆ ಕುಂಟುತ್ತ ಬರುತ್ತಿದ್ದರು. ಇವರು ಹಂಸಗಳ ಕತೆ ಹೇಳುತ್ತ ನಡೆದು ಬಂದಿದ್ದರು.

ಸಕ್ಕರೆ ಕಾಯಿಲೆ ಅವರಿಗೆ ಆಗಲೇ ಹತ್ತು ವರ್ಷದಿಂದ ಇತ್ತು. ಮಾತ್ರೆ ತಪ್ಪಿಸುವವರಲ್ಲ, ಆ ಕಾಯಿಲೆ ಪಾದದ ಸ್ಪರ್ಶವನ್ನೇ ಕಳೆಯಬಹುದು ಎಂದು ವರ್ಷಕ್ಕೊಮ್ಮೆ ಪಾದದ ಪರೀಕ್ಷೆಯನ್ನೂ ಮಾಡಿಸುತ್ತಿದ್ದರು. ಕೋವಿಡ್ ಶುರುವಾದ ಮೇಲೆ ಅದು ತಪ್ಪಿತ್ತು. ಮರುದಿನ ಬೆಳಿಗ್ಗೆ ಅಡುಗೆಮನೆಯ ಕುರ್ಚಿಯಲ್ಲಿ ಅವರನ್ನು ಕೂರಿಸಿ ಕಣ್ಣು ಮುಚ್ಚಲು ಹೇಳಿದೆ. ನಮ್ಮಲ್ಲಿ ಪರೀಕ್ಷೆಗೆ ಒಂದು ಸಣ್ಣ ನೈಲಾನ್ ಎಳೆ ಇರುತ್ತದೆ. ಅದನ್ನು ಪಾದದ ಮೇಲೆ ಅಲ್ಲಲ್ಲಿ ಒತ್ತಿದರೆ ಮುಟ್ಟಿದ್ದು ತಿಳಿಯಬೇಕು. ಬೆರಳುಗಳ ತುದಿಯಲ್ಲಿ ತಿಳಿಯಲಿಲ್ಲ. ಅಂಗಾಲಿನಲ್ಲಿ ತಿಳಿಯಲಿಲ್ಲ. ಹಿಮ್ಮಡಿಯಲ್ಲಿ ತಿಳಿಯಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ, "ಶುರು ಮಾಡು," ಎಂದರು. ಆ ಹೊತ್ತಿಗೆ ನಾನು ಎರಡೂ ಪಾದ ಮುಗಿಸಿದ್ದೆ.

ಅವರೇ ಕಣ್ಣು ತೆರೆದು ನನ್ನ ಮುಖ ನೋಡಿದರು.

"ಆಫೀಸಿನವರು ಮನಿಯಾಗ ಕೂಡಿಸಿಲ್ಲ, ಸುಜಾತಾ. ನಾನ ಕೇಳಿಕೊಂಡೆ. ಏಣಿ ಹತ್ತುವಾಗ ಕಾಲು ಮೆಟ್ಟಿಲ ಮ್ಯಾಲೆ ಐತೋ ಇಲ್ಲೋ ತಿಳಿವಲ್ದಾಗಿತ್ತು. ಒಂದ ಸಲ ಜಾರಿದೆ. ಬೆಲ್ಟ್ ಇತ್ತು, ಏನೂ ಆಗಲಿಲ್ಲ."

"ನಂಗ ಯಾಕ ಹೇಳಲಿಲ್ಲ? ದಿನಾ ಇಂಥಾ ಕಾಲನ್ನ ನೋಡಾಕಿ ನಾನು."

"ಅದಕ್ಕ ಹೇಳಲಿಲ್ಲ," ಎಂದರು.

ಹೊರಗೆ ಪಕ್ಕದ ಮನೆಯವರು ಎಲೆ ಊದುವ ಯಂತ್ರ ಹಚ್ಚಿದ್ದರು. ನಾನು ನೈಲಾನ್ ಎಳೆಯನ್ನು ಅದರ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ನಾನು ಯೋಚಿಸುತ್ತಿದ್ದದ್ದು ಒಂದೇ: ನನ್ನ ಬಳಿ ಬರುವವರು ತಡವಾಗಿ ಬರುತ್ತಾರೆ. ಚಪ್ಪಲಿಯೊಳಗೆ ಒಂದು ಹರಳು ಸಿಕ್ಕು ದಿನವೆಲ್ಲ ನಡೆದವರು, ಬಿಸಿ ನೀರಿನಲ್ಲಿ ಕಾಲಿಟ್ಟು ಬೆಂದದ್ದು ತಿಳಿಯದವರು. ಬೆರಳು ಹೋದವರು, ಪಾದ ಹೋದವರು. ಮೊದಲು ಸಣ್ಣದೊಂದು ಗುಳ್ಳೆ ಎನ್ನುತ್ತಾರೆ ಎಲ್ಲರೂ.

ಗಾಯ ಸಣ್ಣದಿತ್ತು, ರಕ್ತದ ಓಡಾಟ ಚೆನ್ನಾಗಿತ್ತು. ನವೆಂಬರ್ ಮಧ್ಯದ ಹೊತ್ತಿಗೆ ಮಾಯಿತು. ಅಷ್ಟೂ ದಿನ ಅವರು ಕಿಟಕಿಯಿಂದ ಕಿಟಕಿಗೆ ಸುತ್ತುತ್ತಿದ್ದರು, ನಾನು ಕುಂದರ್ರಿ, ಕಾಲು ಮ್ಯಾಲೆ ಇಡ್ರಿ ಎಂದು ಹಿಂದೆ ಹಿಂದೆ ತಿರುಗುತ್ತಿದ್ದೆ. ಬ್ಯಾಂಡೇಜ್ ಬಿಚ್ಚಿದ ದಿನವೇ, "ಡೇಲ್ ಕರದಾನ," ಎಂದರು.

"ಬ್ಯಾಡ."

"ಸುಜಾತಾ, ಈ ಮನಿಯಾಗ ನಂಗ ಉಸಿರು ಹಿಡದಂಗ ಆಗತೈತಿ. ಸೇತುವಿ ಹೋತು. ಅಲ್ಲಿ ಆ ಹುಲ್ಲಿನಾಗ ಕುಂತಾಗ ಬೆಳಿಗ್ಗಿ ಒಂದ ತಾಸು ನನ್ನ ತಲಿ ಸುಮ್ಮ ಇತ್ತು. ಎಷ್ಟು ದಿನ ಆಗಿತ್ತು, ನಿಂಗ ಗೊತ್ತಿಲ್ಲ."

ನನಗೆ ಗೊತ್ತಿತ್ತು. ನನ್ನ ತಲೆಯೂ ಸುಮ್ಮನಿದ್ದು ಬಹಳ ಕಾಲವಾಗಿತ್ತು. ಡಾಕ್ಟರು ಬೇಡ ಎನ್ನಲಿ ಎಂದು ಪಾದದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಆಕೆ ಬೇಡ ಎನ್ನಲಿಲ್ಲ. ನಡೆಯಲಿ, ಒಳ್ಳೆಯದು, ಎಂದರು. ಪಾದ ಒಣಗಿರಬೇಕು, ಬೂಟು ಸರಿಯಿರಬೇಕು, ಮೇಲಿಂದ ಮೇಲೆ ಬಿಚ್ಚಿ ನೋಡಬೇಕು. ಬೂಟಿನೊಳಗೆ ಇಡುವ ಬಿಸಿಯ ಪೊಟ್ಟಣಗಳನ್ನು ಮಾತ್ರ ಎಂದೂ ಮುಟ್ಟಬಾರದು, ಸುಟ್ಟರೂ ತಿಳಿಯುವುದಿಲ್ಲ. ಕಾರಿನಲ್ಲಿ ಬರುವಾಗ ಮಾರುತಿ ಗೆದ್ದವರಂತೆ ಶಿಳ್ಳೆ ಹಾಕುತ್ತಿದ್ದರು.

"ಆತು. ಬೂಟು ನಾನು ಆರಸಾಕಿ. ನೀವು ಬಾಯಿ ಹಾಕಂಗಿಲ್ಲ," ಎಂದೆ.

ಆಮೇಲೆ ಹಲವು ದಿನ ನಾನು ಬೂಟಿನ ಹಿಂದೆ ಬಿದ್ದೆ. ಊಟದ ಬಿಡುವಿನಲ್ಲಿ ಫೋನ್ ಹಿಡಿದು ಬೇಟೆಗಾರರು ಬರೆದದ್ದನ್ನೆಲ್ಲ ಓದುತ್ತಿದ್ದೆ. ಒಬ್ಬ ಒಂದನ್ನು ಹೊಗಳಿದರೆ ಇನ್ನೊಬ್ಬ ಅದನ್ನೇ ಹಳಿಯುತ್ತಿದ್ದ. ಅವರೆಲ್ಲ ಹಾಯಾಗಿದೆ, ಕಚ್ಚುತ್ತದೆ, ಬೆಚ್ಚಗಿದೆ ಎಂದು ಬರೆಯುತ್ತಿದ್ದರು. ನನಗೆ ಬೇಕಾದದ್ದು ಯಾರೂ ಬರೆದಿರಲಿಲ್ಲ. ಕಚ್ಚಿದ್ದು ತಿಳಿಯದ ಕಾಲಿಗೆ ಬೂಟು ಆರಿಸುವುದು ಹೇಗೆ?

ಕಾಲು ಸಂಜೆಗೆ ಸ್ವಲ್ಪ ಊದುತ್ತದೆ, ಅದಕ್ಕೇ ಸಂಜೆಯೇ ಅಂಗಡಿಗೆ ಹೋದೆವು. ದೊಡ್ಡ ಬೇಟೆ ಸಾಮಾನಿನ ಅಂಗಡಿ. ಬಾಗಿಲಲ್ಲಿ ಹುಲ್ಲು ತುಂಬಿದ ಕರಡಿ ನಿಂತಿತ್ತು. ಅದಿತಿ ಅದರ ಜೊತೆ ಫೋಟೋ ತೆಗೆದುಕೊಂಡಳು. ಒಂದು ಗೋಡೆಯ ತುಂಬ ಬೂಟುಗಳು. ದಪ್ಪನೆಯ ಉಣ್ಣೆಯ ಕಾಲುಚೀಲ ನಾನು ಮನೆಯಿಂದಲೇ ತಂದಿದ್ದೆ, ಅವುಗಳ ಸಮೇತವೇ ಅಳತೆ ನೋಡಬೇಕು.

ರಬ್ಬರ್ ಬೂಟನ್ನು ಮೊದಲೇ ಬದಿಗಿಟ್ಟೆ. ಹೊರಗಿನ ನೀರು ಒಳಗೆ ಬರುವುದಿಲ್ಲ ನಿಜ, ಆದರೆ ಒಳಗಿನ ಬೆವರೂ ಹೊರಗೆ ಹೋಗುವುದಿಲ್ಲ. ಮೇಲಾಗಿ ಅದರೊಳಗೆ ಕಾಲು ಜಾರಾಡುತ್ತದೆ. ಅರ್ಧ ಬಟ್ಟೆ ಅರ್ಧ ತೊಗಲಿನವು ಹಗುರವಾಗಿದ್ದವು, ಆದರೆ ಮೈತುಂಬ ಹೊಲಿಗೆ. ಎಲ್ಲೆಲ್ಲಿ ಹೊಲಿಗೆ ಇದೆಯೋ ಅಲ್ಲಲ್ಲಿ ಒಂದು ದಿನ ನೀರು ಬರುತ್ತದೆ, ಒಳಗಿನಿಂದ ಅಲ್ಲೇ ಉಜ್ಜುತ್ತದೆ. ಹಿಮದ ನಾಡಿಗೆ ಮಾಡಿದ ದಪ್ಪ ಅಸ್ತರಿನವು ನಮ್ಮ ಕರೊಲಿನಾದ ಚಳಿಗೆ ಹೆಚ್ಚು, ನಡೆದರೆ ಬೆವರುತ್ತದೆ. ಉಳಿದದ್ದು ಪೂರ್ತಿ ತೊಗಲಿನವು, ತೊಗಲಿನ ಒಳಗೆ ನೀರು ತಡೆಯುವ ತೆಳು ಪೊರೆ ಇರುವವು. ಅವುಗಳಲ್ಲೂ ಒಂದೊಂದರ ಒಳಗೆ ನಾನು ಕೈ ಹಾಕಿ, ಕಣ್ಣು ಮುಚ್ಚಿ, ಬೆರಳಿನಿಂದ ತಡವಿ ನೋಡಿದೆ. ಎಲ್ಲಿ ಗಂಟು, ಎಲ್ಲಿ ಏಣು, ಎಲ್ಲಿ ಅಂಟಿನ ಉಂಡೆ. ಅಂಗಡಿಯ ಹುಡುಗಿ, "ಏನಾದರೂ ಬಿದ್ದುಹೋಯಿತಾ ಒಳಗೆ?" ಎಂದು ಕೇಳಿದಳು.

"ಹೆಂಗದ?" ಎಂದು ಮೊದಲ ಜೋಡಿ ಹಾಕಿಸಿ ಕೇಳಿದೆ.

"ಛಲೋ ಅದ."

ಎರಡನೆಯದು ಹಾಕಿಸಿದೆ. "ಇದೂ ಛಲೋ ಅದ."

ಆಗ ಅವರಿಗೆ ಹೇಳದೆ ಅವರ ಅಳತೆಗಿಂತ ಒಂದು ಸಣ್ಣದು ತಂದು ಹಾಕಿಸಿದೆ. ಎದ್ದು ನಿಂತು ನಾಲ್ಕು ಹೆಜ್ಜೆ ನಡೆದರು. ಮುಖ ಅರಳಿತು.

"ಇದು ನೋಡು, ಭಾಳ ಛಲೋ ಅದ. ಇದನ್ನ ತಗೋಳೂಣು."

ಬಿಗಿಯಾದದ್ದು ಮಾತ್ರ ಅವರ ಕಾಲಿಗೆ ತಿಳಿಯುತ್ತಿತ್ತು. ಅದಕ್ಕೇ ಅದು ಹಿತವೆನಿಸಿತ್ತು. ಇಂಥ ಕಾಲಿನವರು ಸಣ್ಣ ಚಪ್ಪಲಿಯನ್ನೇ ಆರಿಸುತ್ತಾರೆ ಎಂದು ನಾನು ಎಷ್ಟು ಜನ ರೋಗಿಗಳಿಗೆ ಹೇಳಿದ್ದೇನೆ. ಈಗ ನನ್ನ ಗಂಡನ ಬಾಯಲ್ಲೇ ಅದನ್ನು ಕೇಳಿದೆ. ಅದಿತಿ ಪೆಟ್ಟಿಗೆಯ ಮೇಲಿನ ಅಳತೆ ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಯಿತು.

"ಅಪ್ಪಾ, ತೆಗಿ. ಇಟ್ಸ್ ಟೂ ಸ್ಮಾಲ್," ಎಂದು ಅವಳೇ ಬಗ್ಗಿ ಲಾಡಿ ಬಿಚ್ಚಿದಳು.

ಅವರ ಮಾತನ್ನು ನಂಬುವಂತಿರಲಿಲ್ಲ, ಕಣ್ಣನ್ನೇ ನಂಬಬೇಕಿತ್ತು. ಬೂಟಿನೊಳಗಿನ ಮೆತ್ತೆಯನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಅವರನ್ನು ನಿಲ್ಲಿಸಿದೆವು. ಪಾದ ಎಲ್ಲಾದರೂ ಅಂಚು ದಾಟುತ್ತದೆಯೇ ಎಂದು ನಾನು ಒಂದು ಬದಿಯಿಂದ, ಅದಿತಿ ಇನ್ನೊಂದು ಬದಿಯಿಂದ ನೋಡಿದೆವು. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ. ಹಿಮ್ಮಡಿ ಏಳಬಾರದು. ಅಂಗಡಿಯಲ್ಲಿ ಕಲ್ಲಿನ ಇಳಿಜಾರು ಮಾಡಿಟ್ಟಿದ್ದರು, ಅದರ ಮೇಲೆ ಹತ್ತಿಸಿ ಇಳಿಸಿ, ಬೂಟು ಬಿಚ್ಚಿಸಿ, ಚರ್ಮ ನೋಡಿ, ಮತ್ತೆ ಹಾಕಿಸಿದೆ. ಕೊನೆಗೆ ಸಿಕ್ಕದ್ದು ಮೀನಖಂಡದ ತನಕ ಬರುವ ಕಂದು ತೊಗಲಿನದು. ಮುಂಭಾಗ ಒಂದೇ ತುಂಡು ತೊಗಲು. ಲಾಡಿಯ ಕೆಳಗಿನ ನಾಲಿಗೆ ಎರಡೂ ಬದಿಗೆ ಮೇಲಿನವರೆಗೆ ಹೊಲಿದುಕೊಂಡಿತ್ತು, ಸಂದಿಯಲ್ಲಿ ನೀರು ನುಗ್ಗುವಂತಿರಲಿಲ್ಲ. ಅಡಿಯಲ್ಲಿ ಕೆಸರು ಹಿಡಿದುಕೊಳ್ಳದ ಅಗಲ ಹಲ್ಲುಗಳು.

ಮನೆಗೆ ತಂದ ಮೇಲೂ ನನಗೆ ನಂಬಿಕೆ ಬರಲಿಲ್ಲ. ಬಾತ್‌ಟಬ್ಬಿನಲ್ಲಿ ತಣ್ಣೀರು ಬಿಟ್ಟೆ. ಬೂಟಿನೊಳಗೆ ಸುತ್ತಲೂ ಟಿಶ್ಯೂ ಕಾಗದ ಇಟ್ಟು, ಅವರನ್ನು ಅದರಲ್ಲಿ ನಿಲ್ಲಿಸಿದೆ. ಅಷ್ಟರಲ್ಲಿ ಅವರ ಆಫೀಸಿನ ಕಾಲ್ ಬಂತು. ಪ್ಯಾಂಟು ಮಡಚಿಕೊಂಡು, ಟಬ್ಬಿನ ನೀರಿನಲ್ಲಿ ನಿಂತುಕೊಂಡೇ, ಯಾವುದೋ ಕಂಬದ ಬಿರುಕಿನ ಬಗ್ಗೆ ಗಂಭೀರವಾಗಿ ಮಾತಾಡಿದರು. ಅದಿತಿ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ಶರತ್ಕಾಲದಲ್ಲಿ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗು ಅದೇ ಇರಬೇಕು. ಕಾಲ್ ಮುಗಿದ ಮೇಲೆ ಕಾಗದಗಳನ್ನು ಒಂದೊಂದಾಗಿ ಹೊರತೆಗೆದೆ. ಎಲ್ಲ ಗರಿಗರಿಯಾಗಿದ್ದವು.

ಹೊಸ ತೊಗಲಿಗೆ ಜೇನುಮೇಣ ತಿಕ್ಕಿ ಪಳಗಿಸಬೇಕು. ಮನೆಯ ಹತ್ತಿರದ ಕೆರೆಯ ಸುತ್ತ ಮೊದಲು ಸ್ವಲ್ಪ ಹೊತ್ತು, ಮರುದಿನ ಇನ್ನೂ ಸ್ವಲ್ಪ. ಪ್ರತಿ ಸಲ ಬಿಚ್ಚಿ ನೋಡುವುದು. ಎಡಗಾಲಿನ ಕಿರುಬೆರಳ ಬಳಿ ಒಂದು ಕೆಂಪು ಗುರುತು ಬಂತು, ಗಂಟೆಯಾದರೂ ಹೋಗಲಿಲ್ಲ. ಆ ಜೋಡಿಯನ್ನು ವಾಪಸು ಕೊಟ್ಟು ಅದರದೇ ಅಗಲವಾದದ್ದು ತಂದೆ. ಮತ್ತೆ ಟಬ್ಬು, ಮತ್ತೆ ಕೆರೆ. ಅಲ್ಲಿ ವಾಕಿಂಗಿಗೆ ಬಂದಿದ್ದ ನಮ್ಮ ಕಾಲೊನಿಯ ಬೆಂಗಳೂರಿನ ಆಂಟಿಯೊಬ್ಬರು, "ನಿಮ್ಮ ಮನೆಯವರು ಹಂಟಿಂಗ್ ಮಾಡ್ತಾರಂತೆ? ಪಾಪ ಅಲ್ವೇನಮ್ಮ ಅದು?" ಎಂದರು. "ಹೌದು ಆಂಟಿ," ಎಂದೆ. ಪಾಪವೋ ಪುಣ್ಯವೋ ಯೋಚಿಸುವಷ್ಟು ಜಾಗ ಆಗ ನನ್ನ ತಲೆಯಲ್ಲಿ ಇರಲಿಲ್ಲ. ನನ್ನ ಕಣ್ಣು ಆ ಬೂಟಿನ ಮೇಲೇ ಇತ್ತು.

ಡಿಸೆಂಬರಿನ ಒಂದು ಶನಿವಾರ ಹೊರಟೆವು. ಮನೆಯಲ್ಲಿ ಕೂತು ಕಾಯಲು ನನ್ನಿಂದ ಆಗದು ಎಂದು ನಾನೂ ಹೊರಟೆ. ಅದಿತಿ ಗೆಳತಿಯ ಮನೆಯಲ್ಲಿದ್ದಳು. ಮಾರುತಿಯೇ ಕಾರು ನಡೆಸಿದರು. ಜಿನುಗು ಮಳೆ. ಡೇಲ್ ಗೇಟಿನಲ್ಲಿ ಕಾಯುತ್ತಿದ್ದ. ಎಪ್ಪತ್ತರ ಹತ್ತಿರದವನು, ಸೊಂಟದ ಕೀಲು ಬದಲಾಯಿಸಿಕೊಂಡು ವರ್ಷವೂ ಆಗಿರಲಿಲ್ಲ, ನಡೆಯುವಾಗ ಒಂದು ಬದಿಗೆ ವಾಲುತ್ತಿದ್ದ. ಬೇರೆ ಬೇಟೆಗಾರರ ಕಣ್ಣಿಗೆ ಬೀಳಲೆಂದು ನನಗೂ ಕಿತ್ತಳೆ ಬಣ್ಣದ ಅಂಗಿ ಟೋಪಿ ಕೊಟ್ಟ.

ಹೊಲದ ಅಂಚಿನಲ್ಲಿ ಮರದ ಹಲಗೆಯ ಒಂದು ಗೂಡಿತ್ತು. ಅದರಲ್ಲಿ ನಾನು, ಮಾರುತಿ ಕೂತೆವು. ಡೇಲ್ ದೂರ ಟ್ರಕ್ಕಿನಲ್ಲಿ ಉಳಿದ. ಅದರ ತಗಡಿನ ಮಾಡಿನ ಮೇಲೆ ಮಳೆಯ ಸದ್ದು. ನಾನು ಮೇಲಿಂದ ಮೇಲೆ ಅವರ ಬೂಟು ನೋಡುತ್ತಿದ್ದೆ. ಎರಡು ಸಲ ಬಿಚ್ಚಿಸಿದೆ. ಕಾಲುಚೀಲ ಒಣಗಿತ್ತು, ಚರ್ಮ ಚೆನ್ನಾಗಿತ್ತು. "ಸುಮ್ಮ ಕುಂದರವಾ, ಜಿಂಕಿ ಓಡತಾವ," ಎಂದು ಪಿಸುಗುಟ್ಟಿದರು. ಅವರ ಮುಖ ನೋಡಿದೆ. ಹುಬ್ಬಿನ ನಡುವಿನ ಗಂಟು ಸಡಿಲಿತ್ತು.

ಮಧ್ಯಾಹ್ನದ ಹೊತ್ತಿಗೆ ಪೈನ್ ಮರಗಳ ಅಂಚಿನಿಂದ ಒಂದು ಗಂಡು ಜಿಂಕೆ ಹೊಲಕ್ಕೆ ಇಳಿಯಿತು. ಮಾರುತಿ ಉಸಿರು ಹಿಡಿದು ಗುರಿ ಇಟ್ಟರು. ಸದ್ದಿಗೆ ನನ್ನ ಕಿವಿ ಗುಂಯ್ ಎಂದಿತು. ಜಿಂಕೆ ಮೇಲಕ್ಕೆ ಹಾರಿ, ಬಗ್ಗಿ, ಓಡಿ ಜೌಗಿನೊಳಗೆ ನುಗ್ಗಿತು.

ಸ್ವಲ್ಪ ಹೊತ್ತು ಕಾಯಬೇಕು, ಓಡಿಸಬಾರದು ಎಂದು ಡೇಲ್ ಬಂದು ಹೇಳಿದ. ಕಾದೆವು. ಮಳೆ ಜೋರಾಗುತ್ತಿತ್ತು. ಇನ್ನು ತಡಮಾಡಿದರೆ ನೆಲದ ಮೇಲಿನ ರಕ್ತದ ಗುರುತು ತೊಳೆದುಹೋಗುತ್ತದೆ ಎಂದು ಹೊಲಕ್ಕೆ ಇಳಿದೆವು. ಹುಲ್ಲಿನ ಮೇಲೆ ರಕ್ತ ಸಿಕ್ಕಿತು. ನಾನು ಬಗ್ಗಿ ನೋಡಿದೆ. ತಿಳಿ ಕೆಂಪು, ಅದರಲ್ಲಿ ಸಣ್ಣ ಸಣ್ಣ ಗುಳ್ಳೆಗಳು.

"ಶ್ವಾಸಕೋಶಕ್ಕೆ ಬಿದ್ದಿದೆ. ದೂರ ಹೋಗಿರಲಿಕ್ಕಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಡೇಲ್ ತಲೆಯಾಡಿಸಿದ.

ಗುರುತು ನೀರಿನ ಅಂಚಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಕಪ್ಪು ನೀರು, ಅದರೊಳಗೆ ಸೈಪ್ರಸ್ ಮರಗಳು. ಡೇಲ್ ಕೋಲು ಇಳಿಸಿ ನೋಡಿದ. ಮೊಣಕಾಲಿಗಿಂತ ಮೇಲೆ. ಮಾರುತಿ ಬಂದೂಕನ್ನು ಅವನ ಕೈಗೆ ಕೊಟ್ಟು ನೀರಿಗೆ ಹೆಜ್ಜೆ ಇಡಲು ಹೊರಟರು. ನಾನು ಅವರ ತೋಳು ಹಿಡಿದೆ.

"ಬೂಟಿನ ಮ್ಯಾಲಿಂದ ನೀರು ತುಂಬತೈತಿ. ಆ ಪೊರಿ ಅದನ್ನ ಹೊರಗ ಬಿಡಂಗಿಲ್ಲ. ಕೆಳಗ ಬೇರು, ಮುಳ್ಳು, ಏನ ಐತೋ."

"ಹೊಡದಾವ ನಾನು. ಅದು ಅಲ್ಲಿ ಒದ್ದಾಡಾಕತ್ತಿದ್ರ? ಬಿಟ್ಟು ಹೋಗ್ಲೇನು?"

"ಬಿಟ್ಟು ಹೋಗೂದು ಬ್ಯಾಡ. ನೀವು ಇಳಿಯೂದು ಬ್ಯಾಡ."

ನಮ್ಮ ಕನ್ನಡ ಡೇಲ್‌ಗೆ ತಿಳಿಯಲಿಲ್ಲ, ಜಗಳ ತಿಳಿಯಿತು. ಅವನು ಟ್ರಕ್ಕಿನಿಂದ ತೊಡೆಯವರೆಗೆ ಬರುವ ಉದ್ದನೆಯ ರಬ್ಬರ್ ಬೂಟು ತಂದು, "ನಾನು ಹೋಗುತ್ತೇನೆ. ದೇವರೇ ಬಲ್ಲ ಈ ಸೊಂಟ ಏನನ್ನುತ್ತದೋ," ಎಂದು ಬಗ್ಗಿ ಹಾಕಿಕೊಳ್ಳಲು ನೋಡಿದ. ಬಗ್ಗಲು ಆಗಲಿಲ್ಲ. ಮಾರುತಿಯ ಕಡೆ ತಿರುಗಿ, "ನೀನೇ ಹಾಕಿಕೋ. ನಿನ್ನ ಕಾಲಿಗೆ ಏನಾಗಿದೆ?" ಎಂದ. ತಮಾಷೆಗೆ ಕೇಳಿದ್ದು.

ಮಾರುತಿ ನೀರಿನ ಅಂಚಿನಿಂದ ಹಿಂದೆ ಸರಿದರು. ಅವರ ಟೋಪಿಯಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು.

"ನನ್ನ ಕಾಲಿಗೆ ಏನೂ ತಿಳಿಯುವುದಿಲ್ಲ, ಡೇಲ್," ಎಂದರು. "ನೆಲ ತಿಳಿಯುವುದಿಲ್ಲ. ನೀರು ತಿಳಿಯುವುದಿಲ್ಲ. ಅಕ್ಟೋಬರಿನಲ್ಲಿ ನಿನ್ನ ಬೂಟು ಸೋರಿತ್ತು, ನನಗೆ ಮನೆಗೆ ಹೋಗುವ ತನಕ ಗೊತ್ತಾಗಲಿಲ್ಲ. ಅದಕ್ಕೇ ಸೇತುವೆ ಬಿಟ್ಟೆ."

ಇಪ್ಪತ್ತು ವರ್ಷ ಏಣಿಯ ಕೆಳಗೆ ನಿಂತು ಇವರ ಹಗ್ಗ ಹಿಡಿದವನು ಡೇಲ್. ಒಂದು ಕೈ ಅವರ ಬೆನ್ನ ಮೇಲಿಟ್ಟ, ಇನ್ನೊಂದು ಕೈಯಲ್ಲಿದ್ದ ಬೂಟನ್ನು ನಾನು ತೆಗೆದುಕೊಂಡೆ.

ನೀರಿಗೆ ಇಳಿದ ಕೂಡಲೇ ಚಳಿ ರಬ್ಬರಿನ ಮೂಲಕ ಕಾಲನ್ನು ಹಿಡಿಯಿತು. ಮೊದಲು ಬೆರಳು, ಆಮೇಲೆ ಅಂಗಾಲು, ಮೂಳೆಯವರೆಗೆ ನೋವು. ಪ್ರತಿ ಹೆಜ್ಜೆಗೂ ಇದು ಬೇರು, ಇದು ಕೆಸರು, ಇದು ಗುಂಡಿ ಎಂದು ನನ್ನ ಕಾಲೇ ನನಗೆ ಹೇಳುತ್ತಿತ್ತು. ಅಷ್ಟು ನೋವಿನಲ್ಲೂ ಅದು ಹೇಳುತ್ತಲೇ ಇತ್ತು. ನೀರಿನ ಮೇಲೆ ರಕ್ತ ನಿಲ್ಲುವುದಿಲ್ಲ. ಮರಗಳ ಕಾಂಡ ನೋಡುತ್ತ ಹೋದೆ. ಜಿಂಕೆಯ ಪಕ್ಕೆಯ ಎತ್ತರದಲ್ಲಿ ಒಂದು ಕಡೆ ಒರೆಸಿದ ಗುರುತು, ಆಮೇಲೆ ಇನ್ನೊಂದು ಮರದ ಮೇಲೆ. ದಡದಿಂದ ಮಾರುತಿಯ ದನಿ ಕೇಳಿಸುತ್ತಿತ್ತು. "ಎಡಕ್ಕ ಹೋಗಬ್ಯಾಡ, ಅಲ್ಲಿ ನೀರು ಸುತ್ತಾಕತ್ತೈತಿ, ಆಳ ಇರತೈತಿ. ಬಲಕ್ಕ, ಆ ದಪ್ಪ ಮರದ ಕಡೆ." ನೀರು ಹೇಗೆ ಹರಿಯುತ್ತದೆ ಎಂಬುದು ಅವರ ಕಣ್ಣಿಗೆ ಗೊತ್ತಿತ್ತು. ಆ ದಪ್ಪ ಮರದ ಆಚೆ ಜಿಂಕೆ ಬಿದ್ದಿತ್ತು. ಕಣ್ಣು ಮುಟ್ಟಿ ನೋಡಿದೆ, ಅಲುಗಲಿಲ್ಲ. ಬಹಳ ಹೊತ್ತು ನರಳಿರಲಿಕ್ಕಿಲ್ಲ. ದಡದಿಂದ ಎಳೆದುಕೊಂಡು ಬಂದಿದ್ದ ಹಗ್ಗವನ್ನು ಕೊಂಬಿಗೆ ಕಟ್ಟಿದೆ. ದಡದಲ್ಲಿದ್ದ ಇಬ್ಬರೂ ಎಳೆದರು.

ಮಾರುತಿಯವರನ್ನು ಟ್ರಕ್ಕಿನ ಹಿಂಬದಿಯಲ್ಲಿ ಕೂರಿಸಿ ಬೂಟು ಬಿಚ್ಚಿದೆ. ಹೊರಗೆಲ್ಲ ಕೆಸರು, ಒಳಗೆ ಒಣಗಿತ್ತು. ಎಲ್ಲೂ ಒಂದು ಗುರುತೂ ಇರಲಿಲ್ಲ. ಡೇಲ್ ಕೊಡೆ ಹಿಡಿದು ನಿಂತು ನಾನು ಮಾಡುವುದನ್ನೆಲ್ಲ ನೋಡಿದ. "ಮುಂದಿನ ಸಲ ನನಗೂ ಹೇಳಿಕೊಡಿ, ನಾನೂ ನೋಡುತ್ತೇನೆ," ಎಂದ.

ಮಾಂಸದ ಪಾಲು ಐಸಿನ ಡಬ್ಬಿಯಲ್ಲಿಟ್ಟು ಹೊರಡುವಾಗ ಮಾರುತಿ ಕಾರಿನ ಬಾಗಿಲ ಬಳಿ ನಿಂತರು. ಕೀಲಿಯನ್ನು ನನ್ನ ಕಡೆ ಚಾಚಿದರು.

"ಗಾಡಿ ನೀ ನಡಸು."

"ಯಾಕ, ದಣಿವಾತೇನ್ರಿ?"

"ಇಲ್ಲ." ಕೀಲಿ ನನ್ನ ಕೈಗೆ ಬಂದ ಮೇಲೆ ಹೇಳಿದರು. "ಕಾಲು ಬ್ರೇಕಿನ ಮ್ಯಾಲೆ ಐತೋ ಇಲ್ಲೋ ನಂಗ ತಿಳಿಯಂಗಿಲ್ಲ. ಬಗ್ಗಿ ನೋಡಕೋತೀನಿ."

"ಎಂದಿನಿಂದ?"

"ಬ್ಯಾಸಿಗಿಯಿಂದ."

ಬೇಸಿಗೆಯಲ್ಲಿ ನಾವು ಸಮುದ್ರಕ್ಕೆ ಹೋಗಿದ್ದೆವು. ಹೈವೇಯಲ್ಲಿ ಅವರೇ ನಡೆಸಿದ್ದರು, ಅದಿತಿ ಹಿಂದೆ ಮಲಗಿದ್ದಳು. ಬೆಳಿಗ್ಗೆ ಇದೇ ಕಾರಿನಲ್ಲಿ ನಾನು ಅವರ ಪಕ್ಕದಲ್ಲಿ ಕೂತು ಅವರ ಬೂಟನ್ನೇ ನೋಡುತ್ತ ಬಂದಿದ್ದೆ. ಬೂಟು ಪೆಡಲಿನ ಮೇಲಿದೆಯೇ ಎಂದು ಮಾತ್ರ ನೋಡಿರಲಿಲ್ಲ. ಸಿಟ್ಟು ಬಂತು. ಸೀಟನ್ನು ಮುಂದಕ್ಕೆ ಎಳೆದುಕೊಂಡು ಹೊರಟೆ. ರೋಲಿಯವರೆಗೆ ವೈಪರ್ ಆಡುತ್ತಲೇ ಇತ್ತು.

ಅಲ್ಲಿಗೆ ಅವರು ಕಾರು ನಡೆಸುವುದು ನಿಂತಿತು. ಮಾರಿಸ್‌ವಿಲ್‌ನಲ್ಲಿ ಕಾರಿಲ್ಲದೆ ಹಾಲು ತರಲೂ ಆಗುವುದಿಲ್ಲ. ಅಂಗಡಿ, ಡಾಕ್ಟರು, ದೇವಸ್ಥಾನ ಎಲ್ಲದಕ್ಕೂ ನನ್ನನ್ನು ಕಾಯುತ್ತ ಅವರು ಆ ಜನವರಿಯನ್ನು ಹೇಗೋ ಕಳೆದರು. ಫೆಬ್ರವರಿಯಲ್ಲಿ ಪಾದದ ಡಾಕ್ಟರೇ ಹೇಳಿದರು: ಕೈಯಿಂದ ನಡೆಸುವ ಸನ್ನೆಕೋಲನ್ನು ಕಾರಿಗೆ ಕೂರಿಸಬಹುದು, ಎಡಗೈಯಿಂದ ಒತ್ತಿದರೆ ಬ್ರೇಕು, ಎಳೆದರೆ ವೇಗ. ಅದನ್ನು ಹೊಸದಾಗಿ ಕಲಿತು, ಮತ್ತೆ ಪರೀಕ್ಷೆ ಕೊಟ್ಟು ಪಾಸಾಗಬೇಕು. ಅದೇ ಹೊತ್ತಿಗೆ ಅದಿತಿಗೂ ಕಲಿಯುವವರ ಪರ್ಮಿಟ್ ಸಿಕ್ಕಿತ್ತು.

ಹೀಗೆ ಆ ವಸಂತದಲ್ಲಿ ನಮ್ಮ ಮನೆಯಲ್ಲಿ ಇಬ್ಬರು ಕಲಿಯುವವರಿದ್ದರು. ಮಾರುತಿಯವರಿಗೆ ಸನ್ನೆಕೋಲು ಕಲಿಸಲು ಒಬ್ಬ ತರಬೇತುದಾರ ಬರುತ್ತಿದ್ದ, ಅವನು ಸರಿ ಎಂದ ಮೇಲೆ ವಾರದ ನಡುವೆ ದೇವಸ್ಥಾನದ ಪಾರ್ಕಿಂಗ್ ಖಾಲಿ ಇರುವಾಗ ನಾವು ಮೂವರೂ ಹೋಗುತ್ತಿದ್ದೆವು. ಮಾರುತಿಯವರ ಕಾರಿನಲ್ಲೇ ಅರ್ಧ ತಾಸು ಮಗಳು ಪೆಡಲು ಒತ್ತಿ, ಅರ್ಧ ತಾಸು ಅಪ್ಪ ಸನ್ನೆಕೋಲು ಹಿಡಿದು ನಡೆಸುತ್ತಿದ್ದರು. ಮೊದಮೊದಲು ಅವರ ಕೈಯಲ್ಲಿ ಕಾರು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು.

"ಅಪ್ಪಾ, ಸ್ಲೋ. ಮಿರರ್ ನೋಡು," ಎನ್ನುತ್ತ ಅದಿತಿ ಕಿಟಕಿಯ ಹೊರಗೆ ನಡೆಯುತ್ತಿದ್ದಳು.

"ನೋಡೇನವ್ವಾ."

"ನೋಡಿಲ್ಲ. ಐ ಸಾ ಯು."

ಅವರು ಮೊದಲ ಸಲ ಫೇಲಾದರು, ಸ್ಟಾಪ್ ಬೋರ್ಡು ದಾಟಿ ಅರ್ಧ ಕಾರು ಮುಂದೆ ಹೋಗಿತ್ತು. ಎರಡು ದಿನ ಮೇಲಿನ ಅಂತಸ್ತಿನಿಂದ ಇಳಿಯಲಿಲ್ಲ. ಮೂರನೆಯ ದಿನ ಅದಿತಿ ಕೀಲಿಯನ್ನು ಅವರ ಕಂಪ್ಯೂಟರಿನ ಮೇಲಿಟ್ಟು, "ಬಾ, ಪ್ರಾಕ್ಟೀಸ್ ಮಾಡೋಣ," ಎಂದಳು. ಏಪ್ರಿಲಿನಲ್ಲಿ ಎರಡನೆಯ ಸಲ ಕೊಟ್ಟರು. ಪರೀಕ್ಷೆ ಮಾಡುವವಳು ಕಾರಿನಿಂದ ಇಳಿದು ನಮ್ಮ ಕಡೆ ಹೆಬ್ಬೆರಳು ಎತ್ತಿ ತೋರಿಸಿದಳು.

ಮನೆಗೆ ಅವರೇ ನಡೆಸಿದರು. ಅದಿತಿ ಮುಂದೆ ಕೂತಳು, ನಾನು ಹಿಂದೆ. ಯಾವ ದಾರಿ ಹಿಡಿಯಬೇಕು ಎಂದು ಅಪ್ಪ ಮಗಳು ಜಗಳ ಹಚ್ಚಿಕೊಂಡರು. ಏರ್‌ಪೋರ್ಟಿನ ಕಡೆಯ ದೊಡ್ಡ ಕೂಡುರಸ್ತೆಯಲ್ಲಿ ದೀಪ ಕೆಂಪಾಯಿತು. ಹಿಂದಿನ ಸೀಟಿನಲ್ಲಿ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಅವರು ಮಾತು ನಿಲ್ಲಿಸಲಿಲ್ಲ, ಕೆಳಗೆ ಬಗ್ಗಿ ನೋಡಲಿಲ್ಲ. ಎಡಗೈ ಮುಂದೆ ಸರಿಯಿತು, ಕಾರು ಮೆಲ್ಲಗೆ ಬಿಳಿ ಗೆರೆಯ ಹಿಂದೆ ಬಂದು ನಿಂತಿತು.